ನೂರು ದಿನಾರಿ ಕಡಿಮೆ ಹಣವಲ್ಲ

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಒಂದು ಕತೆ ಪೂರ್ತಿ ಲೆಕ್ಕದ ಮೇಲೆ ನಿಂತಿದೆ. ಗೊತ್ತಿಲ್ಲದವರಿಗಾಗಿ ಮೊದಲು ಕತೆಯನ್ನೇ ಹೇಳಿಬಿಡುತ್ತೇನೆ. ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಪೇತ್ರ ಕೇಳುತ್ತಾನೆ. ಏಳಲ್ಲ, ಎಪ್ಪತ್ತೇಳು ಸಲ ಎನ್ನುತ್ತಾನೆ ಯೇಸು. (ಏಳೆಪ್ಪತ್ತು ಎಂದು ಓದುವವರೂ ಇದ್ದಾರೆ, ಆಗ 490 ಆಗುತ್ತದೆ.) ಆಮೇಲೆ ಈ ಸಾಮ್ಯ. ಒಬ್ಬ ರಾಜ ತನ್ನ ಸೇವಕರ ಲೆಕ್ಕ ನೋಡಲು ಕೂರುತ್ತಾನೆ. ಹತ್ತು ಸಾವಿರ ತಲಾಂತು ಬಾಕಿ ಇಟ್ಟುಕೊಂಡ ಒಬ್ಬನನ್ನು ಕರೆತರುತ್ತಾರೆ. ಅವನ ಹತ್ತಿರ ತೀರಿಸಲು ಏನೂ ಇಲ್ಲ. ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಿ ವಸೂಲು ಮಾಡಿ ಎಂದು ರಾಜ ಹೇಳಿದಾಗ ಅವನು ಕಾಲಿಗೆ ಬೀಳುತ್ತಾನೆ. ರಾಜನಿಗೆ ಕರುಣೆ ಬಂದು ಇಡೀ ಸಾಲ ಮನ್ನಾ ಆಗುತ್ತದೆ. ಅಲ್ಲಿಂದ ಹೊರಬಂದ ಅದೇ ಸೇವಕನಿಗೆ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯ ಸೇವಕನೊಬ್ಬ ಎದುರಾಗುತ್ತಾನೆ. ಅವನ ಕುತ್ತಿಗೆ ಹಿಡಿದು, ಕಾಲಿಗೆ ಬಿದ್ದರೂ ಕೇಳದೆ, ಜೈಲಿಗೆ ಹಾಕಿಸುತ್ತಾನೆ. ಇದನ್ನು ಕಂಡ ಉಳಿದ ಸೇವಕರು ನೊಂದುಕೊಂಡು ರಾಜನಿಗೆ ಹೋಗಿ ಹೇಳುತ್ತಾರೆ. ರಾಜ ಅವನನ್ನು ಕರೆಸಿ, ಮನ್ನಾ ಹಿಂತೆಗೆದುಕೊಂಡು, ಸಾಲ ತೀರುವ ತನಕ ಪೀಡಿಸುವವರ ಕೈಗೆ ಒಪ್ಪಿಸುತ್ತಾನೆ.

ಈಗ ಲೆಕ್ಕ. ದಿನಾರಿ ಎಂದರೆ ಆ ಕಾಲದ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತು ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಎಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಎರಡು ಸಾಲಗಳ ನಡುವಿನ ಅಂತರ ಆರು ಲಕ್ಷ ಪಟ್ಟು. ಕೇಳುವವರು ನಗಲಿ ಎಂದೇ ಇಟ್ಟ ಸಂಖ್ಯೆ ಇದು. ಯಾವ ರಾಜನೂ ಒಬ್ಬ ಸೇವಕನಿಗೆ ಇಷ್ಟು ಸಾಲ ಕೊಡುವುದಿಲ್ಲ, ಯಾವ ಸೇವಕನೂ ಇಷ್ಟು ಖರ್ಚು ಮಾಡಲಾರ. ಆದರೆ ಆ ಎರಡನೆಯ ಸಂಖ್ಯೆ, ನೂರು ದಿನಾರಿ, ನಗುವಂಥದ್ದಲ್ಲ. ಡೊಂಬಿವಲಿಯ ನಾಕಾದಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ಮನುಷ್ಯನಿಗೆ ದಿನಕ್ಕೆ 600 ರೂಪಾಯಿ ಎಂದು ಹಿಡಿದರೆ ಅದು 60,000 ರೂಪಾಯಿ. ಹತ್ತು ಸಾವಿರ ತಲಾಂತು ಇದೇ ದರದಲ್ಲಿ 3,600 ಕೋಟಿ. ನಾವು ಪ್ರಸಂಗಗಳಲ್ಲಿ ಕೇಳುವುದೆಲ್ಲ ಆ 3,600 ಕೋಟಿಯ ವಿಷಯ. 60,000ದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದನ್ನು ಜುಜುಬಿ ಎಂದು ತಳ್ಳಿ ಮುಂದೆ ಹೋಗುತ್ತೇವೆ. ಮಕ್ಕಳಿಗೆ ಈ ಕತೆ ಹೇಳುವಾಗ ತೊಡಕು ಶುರುವಾಗುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ.

ನಾನು ಧಾರವಾಡದ ಕಡೆಯ ಬಾಸೆಲ್ ಮಿಷನ್ ಹಿನ್ನೆಲೆಯ ಮನೆಯವನು. ವಾರದ ದಿನಗಳಲ್ಲಿ ಡೊಂಬಿವಲಿಯಿಂದ ಥಾಣೆ, ಅಲ್ಲಿಂದ ಟ್ರಾನ್ಸ್-ಹಾರ್ಬರ್ ಗಾಡಿಯಲ್ಲಿ ಐರೋಲಿ. ಭಾನುವಾರ ಕಲ್ಯಾಣದಲ್ಲಿ ಕನ್ನಡ ಆರಾಧನೆ ನಡೆಯುವ ಹಾಲಿನ ಪಕ್ಕದ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳ ಸಂಡೇ ಸ್ಕೂಲ್. ಬೀದರ್, ಕಲಬುರಗಿ, ಹುಬ್ಬಳ್ಳಿ, ಗದಗ ಕಡೆಯ ಮನೆಗಳ ಮಕ್ಕಳು. ಆರು ವರ್ಷದವರಿಂದ ಹನ್ನೊಂದು ವರ್ಷದವರ ತನಕ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಜಗಳಕ್ಕೆ ಹಿಂದಿ. ಕನ್ನಡ ಅಕ್ಷರ ಓದಬಲ್ಲವರು ಇಬ್ಬರೋ ಮೂವರೋ. ಹಾಗಾಗಿ ಪುಸ್ತಕ ಓದಿಸಿ ಪಾಠ ಮಾಡುವ ದಾರಿ ನಮಗೆ ಮೊದಲಿನಿಂದಲೂ ಇರಲಿಲ್ಲ. ಕತೆಯನ್ನು ನೆಲದ ಮೇಲೆ ಹರಡಿಯೇ ಹೇಳಬೇಕು.

ಹಾಗೆ ಹರಡುವುದಕ್ಕೂ ಒಂದು ಪರಂಪರೆ ಇದೆ. ಮರಿಯಾ ಮಾಂಟೆಸೊರಿ ಹೆಸರು ನಮ್ಮ ಓದುಗರಿಗೆ ನರ್ಸರಿ ಶಾಲೆಯ ಬೋರ್ಡಿನಿಂದ ಪರಿಚಿತ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಆಕೆ ಯುದ್ಧದ ಕಾರಣದಿಂದ 1946ರ ತನಕ ಇಲ್ಲೇ ಉಳಿದರು, ಕೊಡೈಕನಾಲಿನಲ್ಲೂ ಇದ್ದರು. ಮಕ್ಕಳ ಧಾರ್ಮಿಕ ಕಲಿಕೆಯ ಬಗ್ಗೆಯೂ ಆಕೆ ಕೆಲಸ ಮಾಡಿದ್ದರು. ಅದನ್ನು ಮುಂದುವರಿಸಿದವರು ರೋಮಿನ ಸೋಫಿಯಾ ಕಾವಲ್ಲೆತ್ತಿ, ಹೀಬ್ರೂ ವಿದ್ವಾಂಸೆ. 1954ರಲ್ಲಿ ಅವರೂ ಮಾಂಟೆಸೊರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿಯೂ ಕೂಡಿ ಮಕ್ಕಳ ಕೈಗೆ ಪುಟ್ಟ ಮರದ ಗೊಂಬೆಗಳನ್ನು ಕೊಟ್ಟು ಸಾಮ್ಯಗಳನ್ನು ಹೇಳತೊಡಗಿದರು. ಅವರಿಂದ ಕಲಿತ ಅಮೆರಿಕದ ಜೆರೋಮ್ ಬೆರಿಮನ್ ಅದಕ್ಕೆ ‘ಗಾಡ್ಲಿ ಪ್ಲೇ’ ಎಂದು ಹೆಸರಿಟ್ಟು, 1991ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ದೈವಿಕ ಆಟ ಎನ್ನಬಹುದೇನೋ. ಅಲ್ಲಿ ಸಾಮ್ಯ ಇರುವುದು ಚಿನ್ನದ ಬಣ್ಣದ ಡಬ್ಬಿಯೊಳಗೆ. ಬೆಲೆಬಾಳುವಂಥದ್ದು, ಉಡುಗೊರೆಯ ಹಾಗೆ ಬಂದದ್ದು, ಮುಚ್ಚಳ ಇರುವುದರಿಂದ ಒಮ್ಮೊಮ್ಮೆ ತೆರೆದುಕೊಳ್ಳದೆಯೂ ಇರಬಹುದಾದದ್ದು ಎಂಬ ಅರ್ಥದಲ್ಲಿ. ಕತೆ ಹೇಳುವವರು ನೆಲದ ಮೇಲೆ ಕೂರುತ್ತಾರೆ, ಬಟ್ಟೆ ಹಾಸುತ್ತಾರೆ, ಗೊಂಬೆಗಳನ್ನು ಒಂದೊಂದಾಗಿ ಇಡುತ್ತಾರೆ, ಕಡಿಮೆ ಮಾತಾಡುತ್ತಾರೆ. ಅವರ ಕಣ್ಣು ಮಕ್ಕಳ ಮೇಲಲ್ಲ, ಗೊಂಬೆಗಳ ಮೇಲೆ. ಕೊನೆಯಲ್ಲಿ ನೀತಿ ಹೇಳುವಂತಿಲ್ಲ, ಅಚ್ಚರಿಪಡುವ ಪ್ರಶ್ನೆಗಳಷ್ಟೇ. ಆಮೇಲೆ ಮಕ್ಕಳು ತಮಗೆ ಬೇಕಾದದ್ದನ್ನು ಮಾಡುತ್ತಾರೆ: ಮಣ್ಣು, ಬಣ್ಣ, ಅದೇ ಗೊಂಬೆಗಳು. ಕೊನೆಗೆ ಎಲ್ಲರೂ ಸೇರಿ ಏನಾದರೂ ತಿಂದು, ಪ್ರಾರ್ಥಿಸಿ ಹೊರಡುವುದು. ಆರಾಧನೆಯ ಅಚ್ಚಿನಲ್ಲೇ ಆಟವನ್ನು ಎರಕ ಹೊಯ್ದಿದ್ದಾರೆ.

ಬೆರಿಮನ್ ಆರಿಸಿಕೊಂಡ ಆರು ಮುಖ್ಯ ಸಾಮ್ಯಗಳಲ್ಲಿ ಈ ಸಾಲದ ಕತೆ ಇಲ್ಲ. ಒಳ್ಳೆಯ ಕುರುಬ, ಒಳ್ಳೆಯ ಸಮಾರ್ಯದವನು, ಮುತ್ತು, ಹುಳಿಹಿಟ್ಟು, ಸಾಸಿವೆ ಕಾಳು, ಬಿತ್ತುವವನು, ಇವಿಷ್ಟೇ. ಯಾಕೆ ಬಿಟ್ಟರೆಂದು ಅರ್ಥವಾಗುತ್ತದೆ. ಕುತ್ತಿಗೆ ಹಿಸುಕುವುದು, ಜೈಲು, ಪೀಡಿಸುವವರು ಇರುವ ಕತೆ ಇದು. ನಮ್ಮ ಮಕ್ಕಳಿಗೆ ಅದನ್ನೇ ಹೇಳಬೇಕು ಎಂದು ನಾವು ಎರಡು ಮೂರು ಜನ ಹಟ ಹಿಡಿದದ್ದು ಲೆಕ್ಕದ ಆಸೆಗೆ. ಮಿಠಾಯಿ ಡಬ್ಬಿಗೆ ಬಂಗಾರದ ಕಾಗದ ಅಂಟಿಸಿದೆವು. ಗೊಂಬೆಗಳು ಚನ್ನಪಟ್ಟಣದವು, ಊರಿಗೆ ಹೋದ ಯಾರೋ ಬೇರೆ ಕೆಲಸಕ್ಕೆ ತಂದಿಟ್ಟಿದ್ದವು. ಸಾಲಕ್ಕೆ ಅಕ್ಕಿ.

ಒಂದು ಕಾಳು ಅಕ್ಕಿ ನೂರು ದಿನಾರಿ ಎಂದಿಟ್ಟುಕೊಂಡರೆ ಹತ್ತು ಸಾವಿರ ತಲಾಂತು ಆರು ಲಕ್ಷ ಕಾಳು. ಒಂದು ಗ್ರಾಮಿಗೆ ಸುಮಾರು ಐವತ್ತು ಕಾಳು ಹಿಡಿದರೆ 12 ಕಿಲೋ. ಹತ್ತು ಕಿಲೋದ ಒಂದು ಚೀಲ, ಮೇಲೆ ಎರಡು ಕಿಲೋದ ಇನ್ನೊಂದು. ಚೀಲವನ್ನು ಬಟ್ಟೆಯ ನಡುವೆ ಇಟ್ಟು, ಪ್ರತಿ ಮಗುವಿನ ಅಂಗೈಗೂ ಒಂದೊಂದೇ ಕಾಳು ಕೊಡುವುದು. ಹನ್ನೊಂದು ವರ್ಷದವರು ಚೀಲ ಎತ್ತಲು ನೋಡುತ್ತಾರೆ, ಆರು ವರ್ಷದವರು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಹಾಕಿಕೊಂಡರೆ ಸಾಲ ತಿಂದ ಹಾಗಾಯಿತಲ್ಲ ಎಂದು ಉಳಿದವರ ನಗು. ಕಾಳು ಹಿಡಿದ ಅಂಗೈ ಮತ್ತು ಚೀಲ ಎದುರುಬದುರು ಬಂದಾಗ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ. ಯಾವ ಪ್ರಸಂಗಕ್ಕೂ ಆ ಮೌನ ಸಿಗುವುದನ್ನು ನಾನು ನೋಡಿಲ್ಲ.

ಆದರೆ ಅಕ್ಕಿಗೂ ಒಂದು ಮಿತಿ ಇದೆ. ಒಬ್ಬ ಹುಡುಗ ಕೇಳಿದ: “ಅಂಕಲ್, ಈ ಒಂದ್ ಕಾಳು ಅಂದ್ರ ಎಷ್ಟ್ ರೂಪಾಯಿ?” ಅರವತ್ತು ಸಾವಿರ ಎಂದೆ. “ಅಷ್ಟಾ? ನಮ್ಮಪ್ಪಂದು ಎರಡು ತಿಂಗಳ ಪಗಾರ ಆತಲ್ಲರೀ.” ಅವನು ಕಾಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡ. ಅಷ್ಟು ಹಣ ಕೊಡಬೇಕಾದವನು ಕೊಡದೆ ಹೋದರೆ ಮನೆಯಲ್ಲಿ ಏನಾಗುತ್ತದೆ ಎಂದು ಬಾಡಿಗೆ ಮನೆಯ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ. ದೇವರ ಲೆಕ್ಕದಲ್ಲಿ ಅದು ಕಾಳಿರಬಹುದು, ಮನೆಯ ಲೆಕ್ಕದಲ್ಲಿ ಎರಡು ತಿಂಗಳು.

ಇನ್ನೊಬ್ಬಳದು ಮರಾಠಿಯಲ್ಲಿ ಬಂತು. “ರಾಜಾನೇ ಏಕದಾಚ್ ಮಾಫ್ ಕೇಲಂ ನಾ?” ರಾಜ ಒಂದೇ ಸಲ ಕ್ಷಮಿಸಿದ್ದಲ್ಲವೇ? ಪೇತ್ರನಿಗೆ ಎಪ್ಪತ್ತೇಳು ಎಂದು ಹೇಳಿ, ಕತೆಯ ರಾಜ ಮಾತ್ರ ಎರಡನೆಯ ಸಲಕ್ಕೇ ಸಿಟ್ಟಾಗುತ್ತಾನಲ್ಲ ಎಂಬುದು ಅವಳ ತಕರಾರು. ಬೈಬಲ್ ವಿದ್ವಾಂಸರೂ ತಲೆ ಕೆರೆದುಕೊಂಡ ಪ್ರಶ್ನೆ ಅದು. ನಾನು ಉತ್ತರ ಕೊಡಲಿಲ್ಲ. ಆ ಪದ್ಧತಿಯಲ್ಲಿ ಕೊಡಬೇಕಾಗಿಯೂ ಇಲ್ಲ, ಅದೊಂದು ದೊಡ್ಡ ಅನುಕೂಲ. ಪುಣ್ಯಕೋಟಿಯ ಕತೆ ಹೇಳಿದಾಗಲೂ ಮಕ್ಕಳು ಹೀಗೇ ಹುಲಿಯ ಕಡೆ ವಾಲುತ್ತಾರೆ. ಪಾಪ ಅದು ಯಾಕೆ ಸಾಯಬೇಕಿತ್ತು, ಸಾರಿ ಅಂದಿದ್ದರೆ ಸಾಕಿತ್ತಲ್ಲ ಎಂದು.

ವಯಸ್ಸಿನ ವ್ಯತ್ಯಾಸವನ್ನೂ ಗಮನಿಸಬೇಕು. ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಮಕ್ಕಳ ಜೊತೆ ಗೋಲಿ ಆಡುತ್ತ, ಪುಟ್ಟ ಕತೆಗಳನ್ನು ಹೇಳಿ ಪ್ರಶ್ನೆ ಕೇಳುತ್ತ ಮಕ್ಕಳ ನೈತಿಕ ತೀರ್ಪಿನ ಬಗ್ಗೆ ಪುಸ್ತಕ ಬರೆದದ್ದು 1932ರಲ್ಲಿ. ಗೊತ್ತಿಲ್ಲದೆ ಬಾಗಿಲು ತಳ್ಳಿ ಹದಿನೈದು ಬಟ್ಟಲು ಒಡೆದ ಹುಡುಗ ಕೆಟ್ಟವನೋ, ಕದ್ದು ಜಾಮ್ ತಿನ್ನಲು ಹೋಗಿ ಒಂದು ಬಟ್ಟಲು ಒಡೆದವನೋ? ಚಿಕ್ಕ ಮಕ್ಕಳು ಹದಿನೈದರವನನ್ನು ಬೈಯುತ್ತಾರೆ, ದೊಡ್ಡವರಾಗುತ್ತ ಉದ್ದೇಶ ನೋಡತೊಡಗುತ್ತಾರೆ. ನಮ್ಮ ಆರು ವರ್ಷದವರ ತೀರ್ಪೂ ಹಾಗೇ: ಮೊದಲ ಸೇವಕ ಕೆಟ್ಟವನು, ಯಾಕೆಂದರೆ ಅವನ ಚೀಲ ದೊಡ್ಡದು. ಅವನ ಕ್ರೌರ್ಯ ಅವರಿಗೆ ಆಮೇಲಿನ ಮಾತು. ಒಂದೇ ಕತೆಯಿಂದ ಒಂದೇ ಪಾಠ ಎಲ್ಲರಿಗೂ ಇಳಿಯುತ್ತದೆ ಎಂದು ನಂಬುವವರು ಒಮ್ಮೆ ಆ ಕೋಣೆಗೆ ಬಂದು ಕೂರಬೇಕು.

ಆಟದ ಮೂಲಕ ಕ್ಷಮೆ ಕಲಿಸುವುದು ಎಂದಾಗ ಮಕ್ಕಳಿಗೆ ಅದು ಗೊತ್ತೇ ಇಲ್ಲ, ನಾವು ಹೊಸದಾಗಿ ಕೊಡುತ್ತೇವೆ ಎಂಬ ಧಾಟಿ ಇರುತ್ತದೆ. ಬಿಲ್ಡಿಂಗಿನ ಕೆಳಗೆ ನೋಡಿ. ಊರಲ್ಲಿ ನಾವು ‘ಟೂ’ ಬಿಡುತ್ತಿದ್ದೆವು. ಇಲ್ಲಿ ಅದು ಕಟ್ಟಿ ಮತ್ತು ಬಟ್ಟಿ. ಸಂಬಂಧ ಮುರಿಯುವುದಕ್ಕೆ ಒಂದು ಬೆರಳು, ಕೂಡುವುದಕ್ಕೆ ಬೇರೆ ಬೆರಳು. ಕಟ್ಟಿ ಆದವರ ನಡುವೆ ಮಾತು ಸಾಗಿಸಲು ಮಧ್ಯವರ್ತಿ ಬೇಕು, ಬಟ್ಟಿ ಆಗಲು ಇಬ್ಬರೂ ಒಪ್ಪಬೇಕು, ಒಬ್ಬರ ಬೆರಳು ಮುಂದೆ ಬಂದರೆ ಸಾಲದು. ಆಟದಲ್ಲಿ ಔಟಾದವನು ಮುಂದಿನ ಸುತ್ತಿಗೆ ಮತ್ತೆ ಒಳಗೆ. ಉಸಿರು ಹತ್ತಿದರೆ ‘ಟೈಮ್ ಪ್ಲೀಸ್’ ಎಂದು ಕೈ ಎತ್ತಿದವನನ್ನು ಮುಟ್ಟುವಂತಿಲ್ಲ. ಇದೊಂದು ಪೂರ್ತಿ ವಿಧಿ. ಆಟವೂ ಪೂಜೆಯೂ ಒಂದೇ ಬೇರಿನವು ಎಂದು ಡಚ್ ಇತಿಹಾಸಕಾರ ಯೊಹಾನ್ ಹ್ಯೂಸಿಂಗಾ 1938ರಲ್ಲಿ ‘ಹೋಮೊ ಲೂಡೆನ್ಸ್’ ಪುಸ್ತಕದಲ್ಲಿ ವಾದಿಸಿದ. ಕರಾವಳಿಯವರಿಗೆ ಇದನ್ನು ಯುರೋಪಿನವರು ಹೇಳಬೇಕಾಗಿಲ್ಲ. ಅವರು ಯಕ್ಷಗಾನವನ್ನು ಕರೆಯುವುದೇ ‘ಆಟ’ ಎಂದು. ಕಟೀಲಿಗೆ ಹರಕೆ ಆಟ ಹೇಳಿಕೊಂಡ ಮನೆಗಳು ಥಾಣೆಯಲ್ಲೂ ನವಿ ಮುಂಬಯಿಯಲ್ಲೂ ಎಷ್ಟಿಲ್ಲ! ದೇವರಿಗೆ ಒಪ್ಪಿಸುವುದು ಅಲ್ಲಿ ಆಟವನ್ನೇ.

ಮಕ್ಕಳ ಈ ವಿಧಿ ಕೆಡುವುದು ದೊಡ್ಡವರು ಆತುರಪಟ್ಟಾಗ. ಪರಿಚಯದ ಮನೆಯ ಹುಡುಗಿಯೊಬ್ಬಳ ಬ್ಯಾಗನ್ನು ತರಗತಿಯ ಹುಡುಗನೊಬ್ಬ ತಿಂಗಳುಗಟ್ಟಲೆ ಚೆಲ್ಲಾಡುತ್ತಿದ್ದ, ಅಡ್ಡಹೆಸರು ಇಟ್ಟು ಕರೆಯುತ್ತಿದ್ದ. ಕೊನೆಗೆ ಅವಳು ಹೇಳಿಕೊಂಡಾಗ ಶಾಲೆಯವರು ಇಬ್ಬರನ್ನೂ ಎದುರಿಗೆ ನಿಲ್ಲಿಸಿದರು. ಅವನು ಸಾರಿ ಎಂದ. ಅವಳು ‘ಇಟ್ಸ್ ಓಕೆ’ ಎನ್ನಬೇಕಾಯಿತು. ಕೈ ಕುಲುಕಿಸಿದರು. ಎರಡು ನಿಮಿಷದ ಕೆಲಸ. ನನ್ನ ಉದ್ಯೋಗದ ಭಾಷೆಯಲ್ಲಿ ಹೇಳುವುದಾದರೆ ದೋಷ ಸರಿಹೋಗದೆಯೇ ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಸಾಫ್ಟ್‌ವೇರಿನವರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ದೊಡ್ಡ ಸಿಸ್ಟಮ್ ಬಿದ್ದಾಗ ಯಾರ ಮೇಲೂ ಗೂಬೆ ಕೂರಿಸದೆ, ಆದರೆ ನಿಮಿಷ ನಿಮಿಷದ ವಿವರ ಬಿಡದೆ ಬರೆದು, ಏನಾಯಿತು ಎಂದು ಎಲ್ಲರೂ ಓದುತ್ತಾರೆ. ವ್ಯಕ್ತಿಯನ್ನು ಬಿಡುತ್ತಾರೆ, ಸಂಗತಿಯನ್ನು ಬಿಡುವುದಿಲ್ಲ. ಮಕ್ಕಳ ವಿಷಯದಲ್ಲಿ ನಾವು ಮಾಡುವುದು ಇದರ ತಲೆಕೆಳಗು.

2024ರ ಆಗಸ್ಟಿನಲ್ಲಿ ಈ ಪ್ರಶ್ನೆ ನಮ್ಮ ಲೈನಿನ ಮೇಲೇ ಬಂದು ನಿಂತಿತು. ಕಲ್ಯಾಣದಿಂದ ಕರ್ಜತ್ ಕಡೆ ಹೋಗುವ ದಾರಿಯಲ್ಲಿ ಕೆಲವೇ ಸ್ಟೇಷನ್ ಆಚೆಗಿರುವ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಅಲ್ಲಿನ ಸಿಬ್ಬಂದಿಯೊಬ್ಬ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ. ದೂರು ದಾಖಲಿಸಲು ಪೋಷಕರು ಪೊಲೀಸ್ ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು ಎಂದು ವರದಿಯಾಯಿತು. ಆಗಸ್ಟ್ 20ರಂದು ಜನ ಬದ್ಲಾಪುರ ಸ್ಟೇಷನ್ನಿನ ಹಳಿಗಿಳಿದರು. ಬೆಳಗಿನಿಂದ ಸಂಜೆಯವರೆಗೆ ಗಾಡಿ ಹೋಗಲಿಲ್ಲ. ಗಲ್ಲಿಗೇರಿಸಿ ಎಂಬ ಕೂಗು. ಮುಂದಿನ ತಿಂಗಳು 23ರಂದು, ವಿಚಾರಣೆ ನಡೆಯುವ ಮೊದಲೇ, ಆರೋಪಿ ಪೊಲೀಸ್ ವಾಹನದೊಳಗೆ ಗುಂಡಿಗೆ ಸತ್ತ.

ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ, ಮನೆಗಳಲ್ಲಿ, ಇದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ಮಕ್ಕಳ ಕಿವಿಗೂ ಬಿದ್ದಿತ್ತು. ಅದೇ ತಿಂಗಳ ಪಟ್ಟಿಯಲ್ಲಿ ನಮ್ಮ ಪಾಠ ಕ್ಷಮೆ. ಪಾಠ ಬದಲಿಸೋಣ ಎಂದರು ಕೆಲವರು. ಇಂಥ ಸಮಯದಲ್ಲೇ ಹೇಳಬೇಕು ಎಂದರು ಕೆಲವರು. ನನ್ನನ್ನು ಕಾಡಿದ್ದು ಬೇರೆ. ‘ಎಪ್ಪತ್ತೇಳು ಸಲ ಕ್ಷಮಿಸು’ ಎಂಬ ಮಾತು, ಯಾರಿಗೂ ಹೇಳಬೇಡ ಎಂದು ಹೆದರಿಸಿದವನ ಬಾಯಿಗೂ ಸಲೀಸಾಗಿ ಹೊಂದಿಕೊಳ್ಳುತ್ತದೆ. ದೊಡ್ಡವರು ಏನು ಮಾಡಿದರೂ ಸಹಿಸಿಕೊಳ್ಳುವುದೇ ದೇವರಿಗೆ ಇಷ್ಟ ಎಂದು ಒಂದು ಮಗು ಅರ್ಥ ಮಾಡಿಕೊಂಡರೆ, ನಾವು ಬಂಗಾರದ ಡಬ್ಬಿಯಲ್ಲಿ ಇಟ್ಟು ಕೊಟ್ಟದ್ದು ಏನು? ಜಗತ್ತಿನ ಎಷ್ಟೋ ದೇಶಗಳಲ್ಲಿ ಚರ್ಚುಗಳೊಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯ ದಶಕಗಳ ಕಾಲ ಮುಚ್ಚಿಹೋಗಿತ್ತು. ಕ್ಷಮೆಯ ಮಾತು ಆ ಮುಚ್ಚಳದ ಒಂದು ಭಾಗವಾಗಿತ್ತು. ಅದು ಬೇರೆಯವರ ಕತೆ ಎಂದು ಕ್ರೈಸ್ತನಾದ ನಾನು ಹೇಳುವಂತಿಲ್ಲ.

ಹಾಗಾಗಿ 18ನೆಯ ಅಧ್ಯಾಯವನ್ನು ಮೊದಲಿನಿಂದ ಓದಿದೆವು. ಪೇತ್ರನ ಪ್ರಶ್ನೆ ಬರುವುದು 21ನೆಯ ವಚನದಲ್ಲಿ. ಅದಕ್ಕಿಂತ ಮುಂಚೆ ಇಪ್ಪತ್ತು ವಚನಗಳಿವೆ, ನಾವು ಮಕ್ಕಳಿಗೆ ಕತೆ ಹೇಳುವಾಗ ಅವನ್ನು ಹಾರಿಸುತ್ತೇವೆ. ಅಧ್ಯಾಯ ಶುರುವಾಗುವುದೇ ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸುವುದರಿಂದ. ಆಮೇಲೆ ಬರುವುದು ಸುವಾರ್ತೆಗಳಲ್ಲೇ ಅತ್ಯಂತ ಕಠಿಣ ಮಾತುಗಳಲ್ಲೊಂದು: ಇಂಥ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನಿಗೆ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದ ಆಳಕ್ಕೆ ಹಾಕುವುದೇ ಲೇಸು. ಆಮೇಲೆ ತಪ್ಪಿಹೋದ ಕುರಿಯ ಮಾತು. ಆಮೇಲೆ ಒಂದು ಕ್ರಮ. ನಿನಗೆ ತಪ್ಪು ಮಾಡಿದವನಿಗೆ ಅವನೊಬ್ಬನೇ ಇದ್ದಾಗ ಹೇಳು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ಇಷ್ಟೆಲ್ಲ ಆದ ಮೇಲೆ ಪೇತ್ರ ಏಳು ಸಲವೇ ಎಂದು ಕೇಳುವುದು. ನಮ್ಮ ಆಫೀಸಿನಲ್ಲಿ ಇದನ್ನು ಎಸ್ಕಲೇಶನ್ ಎನ್ನುತ್ತಾರೆ. ಸುಮ್ಮನಿರು ಎಂದು ಆ ಅಧ್ಯಾಯದಲ್ಲಿ ಯಾರಿಗೂ ಹೇಳಿಲ್ಲ. ಸಾಮ್ಯದ ಒಳಗೂ ಅಷ್ಟೆ. ಉಳಿದ ಸೇವಕರು ಇದು ಅವರಿಬ್ಬರ ನಡುವಿನ ವ್ಯವಹಾರ ಎಂದು ನೋಡಿಕೊಂಡು ನಿಲ್ಲಲಿಲ್ಲ. ಹೋಗಿ ಹೇಳಿದರು. ಅವರು ಚಾಡಿ ಹೇಳಿದರು ಎಂದು ರಾಜ ಬೈಯಲೂ ಇಲ್ಲ.

2012ರ ಪೋಕ್ಸೊ ಕಾಯ್ದೆ ಆ ಸೇವಕರ ಕೆಲಸವನ್ನು ಕಡ್ಡಾಯ ಮಾಡಿದೆ. 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. ಕ್ಷಮಿಸಿದ್ದೇವೆ, ಬಿಟ್ಟುಬಿಡಿ ಎಂದು ಹೇಳುವ ಅಧಿಕಾರ ಶಾಲೆಗೂ ಇಲ್ಲ, ಚರ್ಚಿಗೂ ಇಲ್ಲ.

ಆ ಭಾನುವಾರ ಪಾಠ ಬದಲಿಸಲಿಲ್ಲ. ಗೊಂಬೆಗಳನ್ನು ಇಡುವ ಕ್ರಮ ಮಾತ್ರ ಬದಲಾಯಿತು. ಬಟ್ಟೆಯ ನಡುವೆ ಮೊದಲು ಬಂದದ್ದು ರಾಜನಲ್ಲ, ಒಂದು ಚಿಕ್ಕ ಗೊಂಬೆ. ಇಡೀ ಕತೆ ಮುಗಿಯುವ ತನಕ ಅದು ಅಲ್ಲೇ ನಿಂತಿತ್ತು, ರಾಜ ಬಂದು ಹೋದರೂ. ಹೋಗಿ ಹೇಳಿದ ಸೇವಕರಿಗೆ ಹಿಂದೆ ಗೊಂಬೆಗಳೇ ಇರಲಿಲ್ಲ, ಒಂದು ವಾಕ್ಯದಲ್ಲಿ ದಾಟುವ ಪಾತ್ರ ಅವರದು. ಈಗ ನಾಲ್ಕು ಗೊಂಬೆ. ಅಚ್ಚರಿಯ ಪ್ರಶ್ನೆಗಳಲ್ಲಿ ಒಂದು ಹೆಚ್ಚಾಯಿತು: ಆ ಸೇವಕರು ರಾಜನ ಹತ್ತಿರ ನಡೆದು ಹೋಗುವಾಗ ಅವರಿಗೆ ಹೆದರಿಕೆ ಆಗಿರಬಹುದೇ? ಸಾಮಾನ್ಯವಾಗಿ ರಾಜನಾಗಲು ಕಿತ್ತಾಡುವ ಮಕ್ಕಳು ಆ ದಿನ ಆ ನಾಲ್ಕು ಗೊಂಬೆಗಳಿಗಾಗಿ ಕಿತ್ತಾಡಿದರು. 1098ಕ್ಕೆ ಫೋನ್ ಮಾಡಬಹುದು ಎಂಬುದು ಒಬ್ಬಳಿಗೆ ಶಾಲೆಯ ಗೋಡೆಯಿಂದ ಗೊತ್ತಿತ್ತು. ರಾಜನ ನಂಬರ್ ಅದೇ ಎಂದಳು.

ಇದಕ್ಕೆ ನಮ್ಮ ನಡುವೆಯೇ ಒಂದು ಗಟ್ಟಿ ಆಕ್ಷೇಪ ಬಂತು. ಹಿರಿಯರೊಬ್ಬರು, ನಾನು ಗೌರವಿಸುವವರು, ಹೇಳಿದರು: “ನೀವು ಕ್ಷಮೆಗೆ ಇಷ್ಟು ಷರತ್ತು ಹಾಕಿದರ ಅದು ಕ್ಷಮೆ ಆಗೂದಿಲ್ಲರೀ. ಶಿಲುಬೆ ಮ್ಯಾಲಿದ್ದವ ಷರತ್ತು ಹಾಕಿದ್ನೇನು?” ಅವರು ಗ್ಲ್ಯಾಡಿಸ್ ಸ್ಟೇನ್ಸ್ ಹೆಸರು ತೆಗೆದರು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನೊಳಗೆ ಸುಟ್ಟು ಕೊಂದ ಮೇಲೆ, ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಿದರು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು. ಅದರ ಮುಂದೆ ನನ್ನ ತರ್ಕ ತಲೆ ಎತ್ತಲಾರದು, ನಿಜ. ಆದರೂ ಎರಡು ಸಂಗತಿ ಗಮನಿಸಬೇಕು. ಆಕೆಯ ಕ್ಷಮೆಯಿಂದ ಕೋರ್ಟಿನ ಕೆಲಸ ನಿಲ್ಲಲಿಲ್ಲ. ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆಯಾಗಿ, 2005ರಲ್ಲಿ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎರಡನೆಯದು, ಆಕೆ ದೊಡ್ಡವರು, ತಮ್ಮ ನಷ್ಟವನ್ನು ತಾವು ಎಣಿಸಿ ತಮ್ಮ ಬಾಯಿಂದ ಮಾತಾಡಿದರು. ಆ ಮಾತಿಗೆ ತೂಕ ಬಂದದ್ದು ಅಲ್ಲಿಂದ. ಆರು ವರ್ಷದ ಮಗುವಿನ ಪರವಾಗಿ ಅದನ್ನು ನಾವು ಹೇಳಿದರೆ, ಅಥವಾ ಮಗುವಿನ ಬಾಯಲ್ಲಿ ಹೇಳಿಸಿದರೆ, ಬೇರೆಯವರ ಖಾತೆಯಿಂದ ದಾನ ಮಾಡಿದ ಹಾಗೆ.

ಹಿರಿಯರು ಪೂರ್ತಿ ಒಪ್ಪಲಿಲ್ಲ. ಅವರ ಮಾತಿನಲ್ಲೂ ಸತ್ಯವಿದೆ. ಷರತ್ತುಗಳ ಪಟ್ಟಿ ಉದ್ದವಾದಷ್ಟೂ ಯಾರನ್ನೂ ಕ್ಷಮಿಸದೆ ಬದುಕಲು ನಮಗೆ ಒಳ್ಳೆಯ ಕಾರಣಗಳು ಸಿಗುತ್ತವೆ. ಸಣ್ಣ ಜಗಳಗಳಲ್ಲಿ, ಪೆನ್ಸಿಲು, ಸೀಟು, ಅಡ್ಡಹೆ‌ಸರಿನ ಜಗಳಗಳಲ್ಲೂ ಮಕ್ಕಳು ನ್ಯಾಯಾಧೀಶರಾಗಿ ಬೆಳೆದರೆ ಅದೂ ನಷ್ಟವೇ. ಬೀಸುವ ಕಲ್ಲಿನ ಮಾತು ಎಲ್ಲಿಗೆ, ಎಪ್ಪತ್ತೇಳರ ಮಾತು ಎಲ್ಲಿಗೆ ಎಂದು ವಿಂಗಡಿಸುವ ಕೆಲಸ ದೊಡ್ಡವರದು, ಅದನ್ನು ಮಗುವಿನ ತಲೆಗೆ ಕಟ್ಟುವಂತಿಲ್ಲ ಎಂಬಲ್ಲಿಗೆ ನಮ್ಮ ಚರ್ಚೆ ಬಂದು ನಿಂತಿತು.

ಈ ಊರಿನ ಬೇರೆ ಸಮುದಾಯಗಳನ್ನು ನೋಡಿದರೆ ಕ್ಷಮೆಯ ವಿಧಿ ಶುರುವಾಗುವುದು ತಪ್ಪು ಮಾಡಿದವನ ಕಡೆಯಿಂದ. ಪರ್ಯೂಷಣ ಮುಗಿಯುವ ದಿನ ನಮ್ಮ ಬಿಲ್ಡಿಂಗಿನ ಗುಜರಾತಿ ಜೈನರು ಮನೆಮನೆಗೆ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ, ಮಕ್ಕಳೂ ಕೈ ಮುಗಿದು ಹೇಳುತ್ತಾರೆ. ಥಾಣೆಯಲ್ಲಿ ಬೆನೆ ಇಸ್ರೇಲ್ ಯೆಹೂದಿಗಳ 19ನೆಯ ಶತಮಾನದ ಸಿನಗಾಗ್ ಇದೆ, ಶಾರ್ ಹಶಮಾಯಿಮ್. ಆ ಪರಂಪರೆಯ ಮಿಶ್ನಾ ಗ್ರಂಥದ ಪ್ರಕಾರ ಮನುಷ್ಯನಿಗೆ ಮಾಡಿದ ತಪ್ಪನ್ನು ಪ್ರಾಯಶ್ಚಿತ್ತದ ದಿನವೂ ಅಳಿಸಲಾರದು, ನೊಂದವನನ್ನು ಮೊದಲು ಸಮಾಧಾನ ಮಾಡಬೇಕು. ಪೇತ್ರನೂ ಯೇಸುವೂ ಯೆಹೂದಿಗಳೇ ಎಂಬುದನ್ನು ನಾವು ಮರೆಯುತ್ತೇವೆ.

ಕನ್ನಡಕ್ಕೂ ಇಲ್ಲಿ ಏನೋ ಹೇಳುವುದಿದೆ. ಸಾಲ ಮನ್ನಾ ಎಂದರೆ ನಮಗೆ ಬಿಡುಗಡೆ. ಋಣ ಎಂಬ ಮಾತಿಗೆ ಬೇರೆಯೇ ರುಚಿ. ‘ಋಣ ತೀರಿತು’ ಎಂದು ನಾವು ಅನ್ನುವುದು ಯಾರೋ ಸತ್ತಾಗ, ಅಥವಾ ಊರು ಬಿಟ್ಟಾಗ. ಅಲ್ಲಿ ಬಾಕಿ ಎಂದರೆ ಸಂಬಂಧ. ಮತ್ತಾಯನ ಗ್ರೀಕಿನ ಕರ್ತನ ಪ್ರಾರ್ಥನೆಯಲ್ಲಿ ಇರುವ ಪದ ಸಾಲ, ನಮ್ಮ ಕನ್ನಡ ಪ್ರಾರ್ಥನೆಯಲ್ಲಿ ಅದು ತಪ್ಪು. ಅನುವಾದಕರು ಋಣ ಎಂದು ಇಟ್ಟಿದ್ದರೆ ನಮ್ಮ ಅಜ್ಜಿಯಂದಿರು ಏನು ತಿಳಿದುಕೊಳ್ಳುತ್ತಿದ್ದರೋ. ಇನ್ನೊಂದು ಪದ ಮನ್ನಿಸು. ಕ್ಷಮಿಸು ಎಂಬುದು ಅದರ ಒಂದು ಅರ್ಥ, ಗೌರವಿಸು ಎಂಬುದು ಇನ್ನೊಂದು. ಮನ್ನಣೆ ಅಲ್ಲಿಂದಲೇ. ಮಕ್ಕಳಿಗೆ ಈ ಪದ ಬರುವುದಿಲ್ಲ, ಅವರಿಗೆ ಮಾಫಿ ಮತ್ತು ಸಾರಿ ಸಾಕು. ನಾನು ಹೇಳಿಕೊಟ್ಟೆ, ಮರೆತರು. ಮುಂದಿನ ವರ್ಷ ಮತ್ತೆ ಹೇಳಿಕೊಡುತ್ತೇನೆ.

ಕತೆಯಲ್ಲಿ ಒಂದು ತೂತಿದೆ, ಅದನ್ನು ತೋರಿಸಿದ್ದು ಏಳು ವರ್ಷದವಳೊಬ್ಬಳು. ರಾಜನಿಗೆ ಎಲ್ಲ ಗೊತ್ತಾಗಿ, ಮೊದಲ ಸೇವಕ ಶಿಕ್ಷೆಗೆ ಹೋದ ಮೇಲೆ, ಆ ನೂರು ದಿನಾರಿಯವನು ಏನಾದ? ಮತ್ತಾಯ ಹೇಳುವುದಿಲ್ಲ. ಅವನನ್ನು ಜೈಲಿಂದ ಬಿಟ್ಟರೆಂದು ಒಂದಕ್ಷರವೂ ಇಲ್ಲ. ಇಷ್ಟು ವರ್ಷ ಓದಿಯೂ ನಾನು ಅದನ್ನು ಯೋಚಿಸಿರಲಿಲ್ಲ, ನಮ್ಮ ಪಾಸ್ಟರೂ ಪುಸ್ತಕ ತೆರೆದು ನೋಡಿದರು. ಅವಳು ನಮ್ಮ ಉತ್ತರಕ್ಕೆ ಕಾಯಲಿಲ್ಲ. ಗೊಂಬೆಗಳನ್ನು ಡಬ್ಬಿಗೆ ತುಂಬುವ ಹೊತ್ತಿನಲ್ಲಿ, ಜೈಲು ಎಂದು ನಾವು ಮಗುಚಿ ಇಟ್ಟಿದ್ದ ಸ್ಟೀಲ್ ಲೋಟವನ್ನು ಎತ್ತಿ, ಒಳಗಿದ್ದವನನ್ನು ತೆಗೆದು, ನಡುವೆ ನಿಂತಿದ್ದ ಚಿಕ್ಕ ಗೊಂಬೆಯ ಪಕ್ಕ ಇಟ್ಟಳು. ಆಮೇಲೆ ಚೀಲದಿಂದ ಒಂದು ಕಾಳು ಅಕ್ಕಿ ತೆಗೆದು ಅವನ ಮುಂದೆ ಇಟ್ಟಳು. ಅದು ಯಾಕೆ ಎಂದು ಕೇಳಿದೆ. “ಹಸಿವಾಗಿರ್ತದಲ್ಲ ಅಂಕಲ್,” ಎಂದು ಬಿಸ್ಕತ್ತಿನ ಸಾಲಿಗೆ ಓಡಿದಳು.